ಕಿಡಿ ಬಂತಾ?

ಕಾರು ಕೈಕೊಟ್ಟದ್ದು ಸೋಮವಾರ ಬೆಳಿಗ್ಗೆ ಆರೂಕಾಲಿಗೆ, ಅದೂ ಗೇಟು ದಾಟುವ ಮೊದಲೇ. ಕೀಲಿ ತಿರುಗಿಸಿದರೆ ಎಂಜಿನ್ನು ಗರಗರ ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ ಹಿಡಿದು ಕೂತಿದ್ದ ಸೊಸೆ ಗಡಿಯಾರ ನೋಡಿದಳು, ಮಾವನ ಮುಖ ನೋಡಿದಳು, ಮತ್ತೆ ಗಡಿಯಾರ ನೋಡಿದಳು.

"ಮಾವ, ಏಳಕ್ಕೆ ಕಾರ್ಡ್ ಒತ್ತಬೇಕು."

"ನನಗೆ ಗೊತ್ತಮ್ಮ. ಇದಕ್ಕೂ ಗೊತ್ತಾಗಬೇಕಲ್ಲ."

"ನಾನು ಬಸ್ಸಿಗೆ ಹೋಗ್ತೀನಿ."

"ಐದು ನಿಮಿಷ ಇರು, ಈಗ ಸರಿಹೋಗುತ್ತೆ."

ಅವಳು ನಿಲ್ಲಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ಕೆಲಸ. ಎರಡು ಬಸ್ಸು ಬದಲಾಯಿಸಬೇಕು. ಇಳಿದು ಗೇಟಿನವರೆಗೆ ಓಡಿದವಳಿಗೆ ಡಬ್ಬಿ ಸೀಟಿನ ಮೇಲೇ ಉಳಿದದ್ದು ನೆನಪಾಯಿತು. ವಾಪಸು ಬಂದು, ಹೊರಗಿನಿಂದ ತೆರೆಯದ ಆ ಬಾಗಿಲಿನ ಅರ್ಧ ಇಳಿಸಿದ ಗಾಜಿನೊಳಗೆ ಕೈ ತೂರಿಸಿ, ಒಳಗಿನ ಹಿಡಿ ಎಳೆದು ಡಬ್ಬಿ ತೆಗೆದುಕೊಂಡಳು. ಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಇಷ್ಟು ಸಾಕಾಯಿತು.

"ಆ ಬಾಗಿಲಿನ ಹಿಡಿ ಸರಿ ಮಾಡಿ ಅಂತ ಹತ್ತು ವರ್ಷದಿಂದ ಬಡ್ಕೋತಿದ್ದೀನಿ."

"ಬಾಗಿಲು ಇಲ್ಲದಿದ್ರೂ ಕಾರು ಓಡುತ್ತೆ ಕಣೇ. ಎಂಜಿನ್ ಇಲ್ಲದಿದ್ರೆ ಓಡಲ್ಲ. ಮೊದಲು ಮುಖ್ಯವಾದದ್ದು ನೋಡೋಣ."

ಆ ಐದು ನಿಮಿಷ ಮೂರು ವಾರ ನಡೆಯಿತು.

ಅವನು ಮೂವತ್ನಾಲ್ಕು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದವನು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಬೀದಿಯವರಿಗೆ ಈಗಲೂ ಲೈನ್‌ಮನ್ನೇ. ಮನೆಯಲ್ಲಿ ನಾಲ್ಕು ಜನ: ಅವನು, ಅವನ ಹೆಂಡತಿ, ನೆಲಕ್ಕೆ ಟೈಲ್ಸ್ ಹಾಕುವ ಕೆಲಸದ ಮಗ, ಲಾಂಡ್ರಿಯ ಸೊಸೆ. ಕಾರಿಗೆ ಇಪ್ಪತ್ತೆಂಟು ವರ್ಷ. ಕಂಪ್ಯೂಟರು ಹೊಕ್ಕಿರದ ಹಳೇ ಕಾಲದ ಎಂಜಿನ್ನು; ಅದರ ಒಂದೊಂದು ತಿರುಪೂ ತನಗೆ ಗೊತ್ತು ಎನ್ನುವುದು ಅವನ ಹೆಮ್ಮೆ. ಆ ಸ್ಟೀರಿಂಗಿಗೆ ಬೇರೆಯವರ ಕೈ ತಾಗಿದ್ದಿಲ್ಲ. ಸೊಸೆ ಲೈಸೆನ್ಸ್ ಮಾಡಿಸಿ ನಾಲ್ಕು ವರ್ಷವಾಗಿತ್ತು. "ಒಂದು ರೌಂಡು ಓಡಿಸ್ಲಾ ಮಾವ?" ಎಂದು ಒಮ್ಮೆ ಕೇಳಿದ್ದಕ್ಕೆ, "ಇದು ಒಂದೇ ಕೈಗೆ ಒಗ್ಗಿದ ಗಾಡಿ ಕಣಮ್ಮ" ಎಂದು ಮಾತು ಮುಗಿಸಿದ್ದ. ಬೆಳಿಗ್ಗೆ ಅವಳನ್ನು ಲಾಂಡ್ರಿಗೆ ಬಿಡುವುದು, ಮಧ್ಯಾಹ್ನ ಕರೆತರುವುದು, ವಾರಕ್ಕೊಮ್ಮೆ ಹೆಂಡತಿಯನ್ನು ಮಾರುಕಟ್ಟೆಗೆ ಒಯ್ಯುವುದು. ಈಗ ಅವನಿಗೆ ಉಳಿದಿದ್ದ ಉದ್ಯೋಗ ಇಷ್ಟೇ. ಅದು ಹೋದರೆ ಮನೆಯಲ್ಲಿ ತಾನು ಪೇಪರ್ ಓದುವ ಮುದುಕ ಎಂಬುದು ಅವನಿಗೂ ಗೊತ್ತಿತ್ತು.

ಕೆಲಸದಲ್ಲಿ ಅವನಿಗೆ ಎರಡೇ ನಿಯಮ. ಈ ಕಂಬ ಪಾಸಾಗದೆ ಮುಂದಿನ ಕಂಬಕ್ಕೆ ಹೋಗಬಾರದು. ಮತ್ತೆ, ತಂತಿಯ ಆ ತುದಿಯಲ್ಲಿ ನಿಂತವನು ಲೈನ್ ಬಂತು ಅಂದರೆ ಬಂತು, ಇಲ್ಲ ಅಂದರೆ ಇಲ್ಲ. ಅವನ ಮಾತನ್ನು ಅನುಮಾನಿಸುವವನು ಲೈನ್ ಕೆಲಸಕ್ಕೆ ಬರಬಾರದು, ಅಂಚೆ ಚೀಟಿ ಮಾರಲು ಹೋಗಬೇಕು.

ಮನೆಯಲ್ಲಿ ಆ ತುದಿಗೆ ನಿಲ್ಲುವವಳು ಹೆಂಡತಿ. ಬಲ್ಬು ಹಾಕುವಾಗ ಸ್ಟೂಲು ಹಿಡಿದವಳು ಅವಳು, ಕಾರಿನ ಕೆಳಗೆ ಅವನು ಮಲಗಿದಾಗ ಸ್ಪಾನರು ಕೊಟ್ಟವಳು ಅವಳು. ಹನ್ನೆರಡನೇ ನಂಬರು, ಹದಿನಾಲ್ಕನೇ ನಂಬರು ಎಲ್ಲ ಮುಟ್ಟಿಯೇ ಹೇಳಬಲ್ಲಳು.

ಕಾರು ಕೆಟ್ಟ ಸೋಮವಾರ ಬೆಳಿಗ್ಗೆಯೇ ಶುರು ಹಚ್ಚಿಕೊಂಡ. ಮೊದಲು ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ್ದಾಯಿತು. ಪ್ಲಗ್ಗಿನಲ್ಲಿ ಕಿಡಿ ಇರಲಿಲ್ಲ. ಹೆಂಡತಿ ಇಲ್ಲ ಎಂದಳು, ಅದು ನಿಜವೇ ಆಗಿತ್ತು. ಮುಂದಿನ ಪರೀಕ್ಷೆಗೆ, ಕಿಡಿ ಹುಟ್ಟಿಸುವ ಕಾಯಿಲ್‌ನಿಂದ, ಅದನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ವೈರು ಕಿತ್ತು, ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿಗೆ ಕಚ್ಚಿಸಿ, ಅದರ ತುದಿ ಎಂಜಿನ್ನಿನ ಬೋಲ್ಟಿನಿಂದ ಒಂದು ಅಕ್ಕಿಕಾಳಿನಷ್ಟು ದೂರ ನಿಲ್ಲುವಂತೆ ಮಾಡಿದ.

"ನೋಡು, ಈ ಸಂದಿಯಲ್ಲಿ ಕಿಡಿ ಹಾರಿದರೆ ಕಾಯಿಲ್‌ವರೆಗೆ ಎಲ್ಲ ಸರಿ ಇದೆ, ತೊಂದರೆ ಮುಂದೆ ಡಿಸ್ಟ್ರಿಬ್ಯೂಟರಲ್ಲಿದೆ. ಹಾರದಿದ್ರೆ ತೊಂದರೆ ಹಿಂದಿದೆ. ನಾನು ಒಳಗೆ ಕೂತು ಕೀಲಿ ತಿರುಗಿಸ್ತೀನಿ, ನೀನು ನೋಡಿ ಹೇಳು."

"ನಾನು ಕೀಲಿ ತಿರುಗಿಸ್ತೀನಿ, ನೀವೇ ನೋಡಿ."

"ಕೀಲಿ ನೀನು ತಿರುಗಿಸಿದ್ರೆ ಬ್ಯಾಟರಿ ಕತೆ ಮುಗೀತು. ಹೇಳಿದ್ದು ಕೇಳು."

ಅವನು ಕೀಲಿ ತಿರುಗಿಸಿದ. ಎಂಜಿನ್ನು ಗರಗರ ಎಂದಿತು. ಹೆಂಡತಿಯ ಕಣ್ಣೆದುರಿಗೇ ಆ ಸಂದಿಯಲ್ಲಿ ನೀಲಿ ಕಿಡಿ ಹಾರಿತು. ಒಂದಲ್ಲ, ಒಂದರ ಹಿಂದೊಂದು, ದಪ್ಪ ದಪ್ಪ ಕಿಡಿಗಳು.

"ಕಿಡಿ ಬಂತಾ?" ಅವನು ಒಳಗಿನಿಂದ ಕೂಗಿದ.

ಅವಳು ಸೊಸೆ ಹೋದ ಗೇಟಿನ ಕಡೆ ನೋಡಿದಳು.

"ಏ, ಕಿಡಿ ಬಂತಾ?"

"ಇಲ್ಲ," ಎಂದಳು.

ಆ ಸುಳ್ಳಿಗೆ ಎಂಟು ದಿನದ ಹಿಂದಿನ ಒಂದು ಕಾರಣವಿತ್ತು. ಮಾರುಕಟ್ಟೆಯಿಂದ ಬರುವಾಗ ನಾಲ್ಕು ರಸ್ತೆ ಸೇರುವಲ್ಲಿ ಸಿಗ್ನಲ್ ಕೆಂಪಿತ್ತು. ಲೈನ್‌ಮನ್ ನಿಲ್ಲಿಸಲೇ ಇಲ್ಲ. ಅವಳು "ರೀ!" ಎಂದು ಕಿರುಚಿದ ಮೇಲೆ ಬ್ರೇಕು ತುಳಿದ. ರಸ್ತೆ ದಾಟುತ್ತಿದ್ದ ಒಬ್ಬಳು ಹೆಂಗಸು ಮಗುವಿನ ತಳ್ಳುಗಾಡಿಯನ್ನು ಹಿಂದಕ್ಕೆ ಎಳೆದುಕೊಂಡಳು. ತಳ್ಳುಗಾಡಿಯ ಮುಂದಿನ ಚಕ್ರ ಬಂಪರಿಗೆ ತಾಗಿ ಓರೆಯಾಯಿತು, ಅಷ್ಟೇ. ಮಗು ಹಳದಿ ಟೋಪಿ ಹಾಕಿಕೊಂಡಿತ್ತು, ನಿದ್ದೆ ಮಾಡುತ್ತಿತ್ತು.

"ಹಸಿರಿತ್ತು," ಅಂದಿದ್ದ ಲೈನ್‌ಮನ್.

"ಕೆಂಪಿತ್ತು. ನಿಮಗೆ ಕಾಣಲಿಲ್ಲ."

"ಕನ್ನಡಕ ಕೊಳೆಯಾಗಿದೆ." ಮನೆ ತಲುಪಿದ ಮೇಲೆ ಸ್ಟೀರಿಂಗ್ ಬಿಡದೆ ಕೂತು, ಅವಳ ಕಡೆ ನೋಡದೆ ಹೇಳಿದ್ದ: "ಮಗನಿಗೆ ಹೇಳಬೇಡ. ಸೊಸೆಗೂ ಹೇಳಬೇಡ. ಆಣೆ ಮಾಡು."

ಆಣೆ ಮಾಡಿದ್ದಳು. ಆ ಮೇಲಿನ ವಾರವೆಲ್ಲ ಪ್ರತಿ ಬೆಳಿಗ್ಗೆ ಸೊಸೆ ಆ ಕಾರು ಹತ್ತುವಾಗ ಇವಳು ಬಾಗಿಲಲ್ಲಿ ನಿಂತು ತಿರುವಿನವರೆಗೆ ನೋಡುತ್ತಿದ್ದಳು. ಕಣ್ಣು ತೋರಿಸೋಣ ಅಂದರೆ ಅವನು ಕನ್ನಡಕ ಒರೆಸಿಕೊಳ್ಳುತ್ತಿದ್ದ. ದಿನಕ್ಕೆ ಇಪ್ಪತ್ತು ಸಲ ಒರೆಸುತ್ತಿದ್ದ. ಅಷ್ಟರಲ್ಲಿ ಕಾರು ತಾನಾಗಿಯೇ ಕೆಟ್ಟು ನಿಂತಿತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಅಂದುಕೊಂಡಳು. ನಾಲ್ಕು ದಿನ ಕೆದಕಿ, ಬೇಜಾರಾಗಿ, ಅವನೇ ಕೈಬಿಡುತ್ತಾನೆ. ನಲವತ್ತೊಂದು ವರ್ಷ ಸಂಸಾರ ಮಾಡಿದ ಗಂಡನ ಬಗ್ಗೆ ಅವಳ ಲೆಕ್ಕ ಎಷ್ಟು ತಪ್ಪಿತ್ತು ಎಂದರೆ, ಬೇರೆ ಯಾರ ಗಂಡನ ಬಗ್ಗೆಯೋ ಯೋಚಿಸಿದಂತಿತ್ತು.

"ಕಿಡಿ ಇಲ್ಲ ಅಂದ್ರೆ ತೊಂದರೆ ಹಿಂದಿದೆ," ಎಂದು ಲೈನ್‌ಮನ್ ನೋಟ್‌ಬುಕ್ಕಿನಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು, ಹಿಂದಕ್ಕೆ ಹೊರಟ.

ಬುಧವಾರ ಕಾಯಿಲ್ ಬದಲಾಯಿಸಿದ. "ಬಂತಾ?" "ಇಲ್ಲ." ಶುಕ್ರವಾರ ಬ್ಯಾಟರಿಯಿಂದ ಬರುವ ವೈರೆಲ್ಲ ಬಿಚ್ಚಿ ಹೊಸದು ಎಳೆದ. "ಬಂತಾ?" "ಇಲ್ಲ." ಭಾನುವಾರ ಕೀಲಿಯ ಸ್ವಿಚ್ಚನ್ನೇ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದ.

"ಅಪ್ಪ, ತಟ್ಟೆ ಎಲ್ಲಿಡಲಿ?" ಮಗ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದ. ಕೂದಲಲ್ಲಿ, ಹುಬ್ಬಿನಲ್ಲಿ ಟೈಲ್ಸ್ ಕತ್ತರಿಸಿದ ಬಿಳಿ ಧೂಳು.

"ಸ್ಪ್ರಿಂಗು ಹಾರಿಹೋಗುತ್ತೆ, ಮೇಜು ಅಲ್ಲಾಡಿಸಬೇಡ. ತೊಡೆ ಮೇಲಿಟ್ಕೋ."

"ದಿನವಿಡೀ ನೆಲದ ಮೇಲೆ ಕೂತು ಕೆಲಸ ಮಾಡಿ ಬಂದಿದ್ದೀನಿ. ಮನೇಲಾದ್ರೂ ಮೇಜಿನ ಮೇಲೆ ಉಣ್ಣಬೇಡವಾ?"

"ನಿನ್ನ ಹೆಂಡತಿ ಎರಡು ಬಸ್ಸು ಹತ್ತಿ ಹೋಗ್ತಿದ್ದಾಳಲ್ಲ, ಅದು ಯೋಚನೆ ಮಾಡು. ನಾನು ಇದನ್ನೆಲ್ಲ ಯಾರಿಗೋಸ್ಕರ ಮಾಡ್ತಿದ್ದೀನಿ?"

"ನನಗೋಸ್ಕರ ಅಂತ ಹೇಳಬೇಡಿ ಮಾವ," ಒಲೆಯ ಹತ್ತಿರ ಮೊಟ್ಟೆ ಬೇಯಿಸುತ್ತಿದ್ದ ಸೊಸೆ ತಿರುಗಿ ನೋಡದೆಯೇ ಅಂದಳು. "ಈ ವಾರ ಎರಡು ದಿನ ಲೇಟು. ಇನ್ನೊಂದು ಲೇಟಾದ್ರೆ ಮಧ್ಯಾಹ್ನದ ಪಾಳಿಗೆ ಹಾಕ್ತಾರಂತೆ. ಒಬ್ಬ ಮೆಕ್ಯಾನಿಕ್‌ನ ಕರೆಸಿ ಅಂತ ಮೊದಲ ದಿನವೇ ಹೇಳಿದೆ."

"ನನ್ನ ಕಾರಿಗೆ ಬೇರೆಯವನ ಕೈ ಯಾಕಮ್ಮ?"

"ನಿಮ್ಮ ಕೈ ಬಿದ್ದೇ ಏಳು ದಿನ ಆಯ್ತಲ್ಲ!"

ಅತ್ತೆ ಸೌಟು ಎತ್ತಿಕೊಂಡಳು. ಎಲ್ಲರ ತಟ್ಟೆಗೂ ಬೇಳೆ ಬಡಿಸಿದಳು. ಗಂಡನ ತಟ್ಟೆಗೆ ಎರಡು ಸೌಟು ಹೆಚ್ಚು ಬಿತ್ತು. ಯಾಕೆಂದು ಅವಳಿಗೆ ಮಾತ್ರ ಗೊತ್ತು.

ಎರಡನೇ ವಾರ ಮಗ ಹೇಳದೆ ಕೇಳದೆ ಮೆಕ್ಯಾನಿಕ್‌ನನ್ನು ಕರೆತಂದ. ಮೂವತ್ತರ ಆಸುಪಾಸಿನ ಆಸಾಮಿ, ಕೈಯಲ್ಲಿ ಸ್ಕ್ರೂಡ್ರೈವರ್ ಬದಲು ಒಂದು ಪುಟ್ಟ ಟಿ.ವಿ.ಯಂಥ ಯಂತ್ರ. ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ಹತ್ತು ನಿಮಿಷ ಹುಡುಕಿದ.

"ಇದಕ್ಕೆ ಪ್ಲಗ್ ಹಾಕೋ ಜಾಗ ಎಲ್ಲಿದೆ?"

"ಯಾವ ಪ್ಲಗ್?" ಲೈನ್‌ಮನ್ ಕೇಳಿದ.

"ಸ್ಕ್ಯಾನರ್ ಪ್ಲಗ್. ಏನು ಕೆಟ್ಟಿದೆ ಅಂತ ಅದೇ ಹೇಳುತ್ತೆ."

"ಕಾರು ಹೇಳಿದ್ದನ್ನ ಬರೆದುಕೊಂಡು ಹೋಗೋದಾದ್ರೆ ನೀನು ಮೆಕ್ಯಾನಿಕ್ ಅಲ್ಲಪ್ಪ, ಗುಮಾಸ್ತ."

ಗುಮಾಸ್ತ ಮುಖ ಕೆಂಪು ಮಾಡಿಕೊಂಡು, "ಇಂಥದ್ದನ್ನ ಗುಜರಿಗೆ ಹಾಕಿ, ಸುಮ್ಮನೆ ಯಾಕೆ ಒದ್ದಾಡ್ತೀರಿ," ಎಂದು ಹೋದ. ಮಗ ಅವನನ್ನು ಗೇಟಿನವರೆಗೆ ಬಿಟ್ಟು ಬರುವಾಗ ಹಲ್ಲು ಕಡಿಯುತ್ತಿದ್ದ.

"ಅವನನ್ನ ಕರೆತರೋಕೆ ಅರ್ಧ ದಿನದ ಕೆಲಸ ಬಿಟ್ಟಿದ್ದೆ."

"ನಾನು ಬಿಡು ಅಂದಿದ್ನಾ?"

"ನಿನಗೆ ಗೊತ್ತಿರೋದಾದ್ರೆ ಸರಿ ಮಾಡು. ಗೊತ್ತಿಲ್ಲದಿದ್ರೆ ಗೊತ್ತಿರೋರಿಗೆ ಬಿಡು. ಎರಡೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

"ಏನಂದೆ?"

"ಕೇಳಿಸಿತಲ್ಲ."

ಎತ್ತು ಏರಿಗೆ, ಕೋಣ ನೀರಿಗೆ. ಅಪ್ಪ ಮಗ ಆ ವಾರ ಮಾತು ಬಿಟ್ಟರು. "ಉಪ್ಪು ಕೊಡೋಕೆ ಹೇಳು" ಎಂದು ಅಪ್ಪ, "ಉಪ್ಪು ಅವರ ಮುಂದೇ ಇದೆ ಅಂತ ಹೇಳು" ಎಂದು ಮಗ, ನಡುವೆ ಉಪ್ಪಿನ ಡಬ್ಬಿ ಆಚೆ ಈಚೆ ಮಾಡುತ್ತ ಸೊಸೆ ಕೂರುತ್ತಿದ್ದಳು. ಅಷ್ಟರಲ್ಲಿ ಅವಳಿಗೆ ಮೂರನೇ ಸಲ ಲೇಟಾಗಿ ಮಧ್ಯಾಹ್ನದ ಪಾಳಿಯೂ ಬಿತ್ತು. ಮನೆಗೆ ಬರುವಾಗ ಅಡಿಗೆ ತಣ್ಣಗಾಗಿರುತ್ತಿತ್ತು, ಅವಳ ಮಾತು ಬಿಸಿಯಾಗಿರುತ್ತಿತ್ತು. ಅತ್ತೆ ಮಂಡಿನೋವಿನ ಕಾಲೆಳೆದುಕೊಂಡು ಮಾರುಕಟ್ಟೆಗೆ ನಡೆದೇ ಹೋಗಿ ಆಲೂಗಡ್ಡೆ, ಬೀನ್ಸು ಹೊತ್ತು ತರುತ್ತಿದ್ದಳು. ತಾನು ಹೇಳಿದ ಒಂದು ಸುಳ್ಳು ನಾಲ್ಕೂ ಜನರ ಕಾಲಿಗೆ ತೊಡರಿಕೊಂಡಿದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಾಗಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಲೈನ್‌ಮನ್ ಕಾಯಿಲ್ಲಿನ ಕರೆಂಟು ಕಡಿದು ಬಿಡುವ ಪಾಯಿಂಟ್ ಬದಲಾಯಿಸಿದ, ಅದರ ಜೊತೆಗಿನ ಕಂಡೆನ್ಸರ್ ಬದಲಾಯಿಸಿದ. "ಬಂತಾ?" "ಇಲ್ಲ." ಕಳಚಿದ್ದನ್ನೇ ಮತ್ತೆ ಕಳಚಿ, ಹಾಕಿದ್ದನ್ನೇ ಮತ್ತೆ ಹಾಕಿದ. ಬೆರಳು ಕೊಯ್ದುಕೊಂಡ. ಮೂರನೇ ವಾರದ ನಡುವೆ ಒಂದು ಮಧ್ಯಾಹ್ನ ಅವಳು ಚಹಾ ತಂದಾಗ ಅವನು ಬಾನೆಟ್ಟಿನ ಕೆಳಗೆ ಸುಮ್ಮನೆ ನಿಂತಿದ್ದ. ನೋಟ್‌ಬುಕ್ಕು ನೆಲದ ಮೇಲೆ ಬಿದ್ದಿತ್ತು. ಮೂರು ದಿನದಿಂದ ಅದರಲ್ಲಿ ಏನೂ ಬರೆದಿರಲಿಲ್ಲ.

"ಎಲ್ಲ ಸರಿ ಇದೆ ಕಣೇ. ಬ್ಯಾಟರಿ ಸರಿ, ವೈರು ಸರಿ, ಕಾಯಿಲ್ ಹೊಸದು, ಪಾಯಿಂಟ್ ಹೊಸದು. ಕಿಡಿ ಬರಲೇಬೇಕು. ಬರ್ತಿಲ್ಲ."

"ಚಹಾ ಕುಡೀರಿ."

"ಬಿರುಗಾಳಿ ಬಂದು ಅರವತ್ತು ಕಂಬ ಉರುಳಿದಾಗ ಎರಡು ದಿನದಲ್ಲಿ ಲೈನ್ ಎಬ್ಬಿಸಿದೋನು ನಾನು. ಈಗ ಒಂದು ಮೊಳ ವೈರಲ್ಲಿ ತೊಂದರೆ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ. ನನ್ನ ಕೈ ಹೋಯ್ತು ಕಣೇ. ತಲೆಯೂ ಹೋಯ್ತು ಅನ್ಸುತ್ತೆ."

ಅವಳಿಗೆ ಅಳು ಬಂತು. ಆಗಲೇ ಹೇಳಬೇಕಿತ್ತು. ಬಾಯಿ ತೆರೆದಳು ಕೂಡ. ಹಳದಿ ಟೋಪಿ ನೆನಪಾಯಿತು, ಮುಚ್ಚಿಕೊಂಡಳು. ಕಾರು ಓಡಿಸುವ ಗಂಡ ಬೇಡವಾಗಿತ್ತು, ನಿಜ. ಆದರೆ ಹೀಗೆ ತಲೆ ತಗ್ಗಿಸಿ ನಿಲ್ಲುವ ಗಂಡನೂ ಅವಳಿಗೆ ಬೇಕಿರಲಿಲ್ಲ.

ಆ ರಾತ್ರಿ ಸೊಸೆ ಕೆಲಸದಿಂದ ಬಂದ ಮೇಲೆ ಮಗ ನೇರ ಅಪ್ಪನಿಗೇ ಹೇಳಿದ. ವಾರದ ನಂತರದ ಮೊದಲ ಮಾತು ಅದು.

"ಭಾನುವಾರ ಹನ್ನೊಂದಕ್ಕೆ ಗುಜರಿಯವನು ಬರ್ತಾನೆ. ಆ ಶೆಡ್ಡಲ್ಲಿ ನಾನು ಟೈಲ್ಸ್ ಇಡ್ತೀನಿ. ಮಳೆಗೆ ಪೆಟ್ಟಿಗೆಯೆಲ್ಲ ನೆನೀತಿದೆ."

ಲೈನ್‌ಮನ್ ಜಗಳಕ್ಕೆ ಬರುತ್ತಾನೆಂದು ಮೂವರೂ ಕಾದರು. ಅವನು ಬ್ರೆಡ್ಡು ಮುರಿದು ಬೇಳೆಯಲ್ಲಿ ಅದ್ದಿದ.

"ಹನ್ನೊಂದರವರೆಗೆ ಟೈಮ್ ಇದೆಯಲ್ಲ," ಎಂದ. ಅಷ್ಟೇ.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಅವನು ಶೆಡ್ಡಿನಲ್ಲಿದ್ದ. ಮಗ ಗೇಟು ಪೂರ್ತಿ ತೆರೆದು, ಗುಜರಿ ಲಾರಿ ಹಿಂದಕ್ಕೆ ಬರಲು ಹೂಕುಂಡ ಸರಿಸುತ್ತಿದ್ದ. ಹತ್ತೂವರೆಗೆ ಲೈನ್‌ಮನ್ ಕೊನೆಯ ಸಲ ದಪ್ಪ ವೈರನ್ನು ಬಟ್ಟೆ ಕ್ಲಿಪ್ಪಿಗೆ ಕಚ್ಚಿಸಿ, ಬೋಲ್ಟಿನ ಪಕ್ಕ ನಿಲ್ಲಿಸಿ, ಒಳಗೆ ಹೋಗಿ ಕೂತ. ಹೆಂಡತಿ ಬಾನೆಟ್ಟಿನ ಕೆಳಗೆ ಬಗ್ಗಿದಳು. ಇನ್ನು ಅರ್ಧ ಗಂಟೆ, ಒಂದೇ ಒಂದು ಸುಳ್ಳು ಅಂದುಕೊಂಡಳು.

ಎಂಜಿನ್ನು ಗರಗರ ಎಂದಿತು. ನೀಲಿ ಕಿಡಿ ಪಟಪಟ ಹಾರಿತು.

"ಕಿಡಿ ಬಂತಾ?"

"ಇಲ್ಲ."

"ಅಯ್ಯೋ, ಬಂತಲ್ಲ ಅತ್ತೆ!"

ಸೊಸೆ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಅವಳ ಹಿಂದೆಯೇ ನಿಂತಿದ್ದಳು. ಕ್ಲಿಪ್ಪು ಸಾಲದೆ ಕೇಳಲು ಬಂದಿದ್ದಳು. "ನೀಲಿಯಾಗಿ ಬಂತು, ಇಲ್ಲಿ, ಈ ಬೋಲ್ಟಿಗೆ. ನಿಮಗೆ ಕಾಣಲಿಲ್ವಾ?"

ಲೈನ್‌ಮನ್ ಕಾರಿನಿಂದ ಇಳಿದು ಬಂದ.

"ಏನು ಬಂತು?"

"ಕಿಡಿ ಮಾವ. ಎಷ್ಟೊಂದು ಬಂತು!"

ಅವನು ಹೆಂಡತಿಯ ಮುಖ ನೋಡಿದ. ಅಷ್ಟು ವರ್ಷ ಜೊತೆಗಿದ್ದವರಿಗೆ ಹೆಚ್ಚು ಪ್ರಶ್ನೆ ಬೇಕಾಗುವುದಿಲ್ಲ.

"ಎಷ್ಟು ದಿನದಿಂದ ಬರ್ತಿದೆ?"

"ಮೊದಲ ದಿನದಿಂದ."

"ಮೊದಲ ದಿನದಿಂದ." ಅವನು ಬಾನೆಟ್ಟಿನ ಅಂಚು ಹಿಡಿದುಕೊಂಡ. "ಮೂವತ್ನಾಲ್ಕು ವರ್ಷ ಕಂಬದ ಮೇಲಿದ್ದೆ. ಕೆಳಗೆ ನಿಂತೋನು ತಂತಿಗೆ ಕರೆಂಟ್ ತಾಗಿಲ್ಲ ಅಂದ್ರೆ ಬರಿಗೈಲಿ ಹಿಡೀತಿದ್ದೆ. ಕುಡುಕರಿದ್ರು, ಕಳ್ಳರಿದ್ರು. ಒಬ್ಬನೂ ಒಂದು ದಿನ ಸುಳ್ಳು ಹೇಳಲಿಲ್ಲ. ನೀನು ಹೇಳಿದೆ. ಮೂರು ವಾರ ನನ್ನನ್ನ ಮಂಗನ ಹಾಗೆ ಕುಣಿಸಿದೆ."

"ಹೌದು, ಕುಣಿಸಿದೆ! ಮಾರುಕಟ್ಟೆ ಹತ್ತಿರ ಆ ಕೂಸಿನ ಮೇಲೆ ಕಾರು ಹತ್ತಿಸ್ತಿದ್ರಲ್ಲ, ಅದಕ್ಕೇ ಕುಣಿಸಿದೆ!"

ಮಗ ಹೂಕುಂಡ ಅಲ್ಲೇ ಬಿಟ್ಟು ಬಂದ. "ಯಾವ ಕೂಸು?"

"ಆಣೆ ಮಾಡಿದ್ದೆ ಕಣೇ ನೀನು."

"ಮುರಿದೆ. ಏನು ಪಾಪ ಬರುತ್ತೋ ನನಗೇ ಬರಲಿ." ಅವಳು ಮಗನಿಗೆ ಎಲ್ಲ ಹೇಳಿದಳು: ಕೆಂಪು ಸಿಗ್ನಲ್ಲು, ತಳ್ಳುಗಾಡಿ, ಓರೆಯಾದ ಚಕ್ರ. "ಹಳದಿ ಟೋಪಿ ಹಾಕಿತ್ತು. ಈಗಲೂ ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ. ದಿನಾ ಬೆಳಿಗ್ಗೆ ನಿನ್ನ ಹೆಂಡತಿನ ಇದರಲ್ಲೇ ಕೂರಿಸಿ ಕಳಿಸ್ತಿದ್ದೆ. ಇವರಿಗೆ ಕಣ್ಣು ಕಾಣಲ್ಲ."

"ಯಾರಿಗೆ ಕಾಣಲ್ಲ? ಕನ್ನಡಕ—"

"ಕೊಳೆಯಾಗಿದೆ. ಗೊತ್ತು. ಹಾಗಾದ್ರೆ ಕಿಡಿ ನೋಡೋಕೆ ನನ್ನನ್ನ ಯಾಕೆ ನಿಲ್ಲಿಸಿದ್ರಿ? ಮೂರು ವಾರದಲ್ಲಿ ಒಂದು ಸಲ ನೀವೇ ಬಗ್ಗಿ ನೋಡಿದ್ರೆ ನನ್ನ ಸುಳ್ಳು ಅಲ್ಲೇ ಸಾಯ್ತಿತ್ತು. ಯಾಕೆ ನೋಡಲಿಲ್ಲ?"

ಲೈನ್‌ಮನ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ಈಗ ನೋಡಿ," ಎಂದಳು ಅವಳು. "ಸೊಸೆ ಕೀಲಿ ತಿರುಗಿಸಲಿ. ನೀವೇ ನೋಡಿ ಹೇಳಿ."

ಅವನು ಕನ್ನಡಕ ಒರೆಸಿ ಮುಗಿಸುವಷ್ಟರಲ್ಲಿ, ಸೊಸೆ ಬಕೆಟ್ಟು ಇಟ್ಟು ಸ್ಟೀರಿಂಗಿನ ಹಿಂದೆ ಕೂರುವಷ್ಟರಲ್ಲಿ, ಹೆಂಡತಿ ಕ್ಲಿಪ್ಪು ಸರಿಮಾಡುವ ನೆಪದಲ್ಲಿ ಬಾನೆಟ್ಟಿನ ಕೆಳಗೆ ಬಗ್ಗಿದಳು, ಎದ್ದಳು.

"ತಿರುಗಿಸಮ್ಮ!"

ಎಂಜಿನ್ನು ಗರಗರ ಎಂದಿತು. ಲೈನ್‌ಮನ್ ಬಗ್ಗಿ, ಮೂಗು ಬೋಲ್ಟಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದ. ಒಂದು ಕಣ್ಣು ಮುಚ್ಚಿ ನೋಡಿದ. ಇನ್ನೊಂದು ಮುಚ್ಚಿ ನೋಡಿದ.

"ಬಂತಾ?" ಹೆಂಡತಿ ಕೇಳಿದಳು.

"ಬಂತು."

"ಯಾವ ಬಣ್ಣ?"

"ನೀಲಿ. ಒಳ್ಳೇ ಕಿಡಿ."

ಅವಳು ಮುಷ್ಟಿ ಬಿಚ್ಚಿದಳು. ಕಾಯಿಲ್ಲಿಗೆ ಕರೆಂಟು ತರುವ ಸಣ್ಣ ವೈರಿನ ತುದಿ ಅವಳ ಅಂಗೈಯಲ್ಲಿತ್ತು. ಕಿತ್ತ ವೈರು, ಕಿಡಿ ಬರುವ ಮಾತೇ ಇರಲಿಲ್ಲ.

ಗೆದ್ದೆ ಎಂದು ಅವಳಿಗೆ ಸಂತೋಷವೇನೂ ಆಗಲಿಲ್ಲ. ನಾಚಿಕೆಯಾಯಿತು, ಅವನಿಗೂ ಸೇರಿಸಿ ಅವಳೇ ನಾಚಿದಳು. ಲೈನ್‌ಮನ್ ಸ್ಪಾನರ್ ಪೆಟ್ಟಿಗೆಯ ಮೇಲೆ ಕುಕ್ಕರಿಸಿದ. ಮಗ ಹತ್ತಿರ ಬಂದು, ಅಪ್ಪನ ನೆತ್ತಿಯ ಬಿಳಿ ಕೂದಲು ನೋಡಿ ಅಲ್ಲೇ ನಿಂತ.

"ಒಂದು ವರ್ಷ ಆಯ್ತು," ಎಂದ ಲೈನ್‌ಮನ್ ನೆಲ ನೋಡುತ್ತ. "ಮೊದಲು ಮಂಜು ಕವಿದ ಹಾಗಿತ್ತು. ಆಮೇಲೆ ದೀಪದ ಸುತ್ತ ಬಳೆ ಕಾಣೋಕೆ ಶುರುವಾಯ್ತು. ಹೇಳಿದ್ರೆ ಕೀಲಿ ಕಿತ್ಕೋತೀರಿ ಅಂತ ಗೊತ್ತಿತ್ತು."

"ಪೊರೆ ಇರಬೇಕು ಮಾವ," ಸೊಸೆ ಮೆಲ್ಲಗೆ ಅಂದಳು. "ನಮ್ಮ ಆಸ್ಪತ್ರೇಲಿ ದಿನಾ ಹತ್ತು ಜನಕ್ಕೆ ತೆಗೀತಾರೆ. ಆ ಬಟ್ಟೆಯೆಲ್ಲ ನಾನೇ ಒಗೀತೀನಿ."

ಅವನು ತಲೆ ಎತ್ತಿ ಹೆಂಡತಿಯನ್ನು ಕೇಳಿದ:

"ಮೊದಲ ದಿನ ಬಂತು ಅಂದ್ಯಲ್ಲ, ದಪ್ಪ ಕಿಡಿನಾ, ತೆಳುನಾ?"

"ದಪ್ಪ."

"ನಿಜ ಹೇಳು."

"ಆಣೆಗೂ ದಪ್ಪ. ಒಂದೂ ತಪ್ಪದೆ ಬರ್ತಿತ್ತು."

"ಆದ್ರೆ ಪ್ಲಗ್ಗಲ್ಲಿ ಇರಲಿಲ್ಲ."

"ಇರಲಿಲ್ಲ. ಅದು ಸುಳ್ಳಲ್ಲ."

ಅವನು ಎದ್ದ. ಮೂರು ವಾರದಲ್ಲಿ ಮೊದಲ ಸಲ ಚುರುಕಾಗಿ ಎದ್ದ. "ಹಾಗಾದ್ರೆ ಈ ಕಂಬ ಪಾಸ್. ಅವತ್ತೇ ಪಾಸ್! ತೊಂದರೆ ಮುಂದಿದೆ." ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಅದರೊಳಗೆ ತಿರುಗುತ್ತ ಒಂದೊಂದು ಪ್ಲಗ್ಗಿಗೂ ಕಿಡಿ ಹಂಚುವ ಹೆಬ್ಬೆರಳಿನಷ್ಟು ತುಂಡನ್ನು, ರೋಟರನ್ನು, ಕೈಗೆ ತೆಗೆದುಕೊಂಡ. ಕಣ್ಣಿನ ಹತ್ತಿರ ಒಯ್ಯಲಿಲ್ಲ. ಕಣ್ಣು ಮುಚ್ಚಿ, ಉಗುರಿನಿಂದ ಅದರ ಹೊಟ್ಟೆಯ ಮೇಲೆ ಮೆಲ್ಲಗೆ ಗೀರಿದ. ಒಂದು ಕಡೆ ಉಗುರು ತಡೆಯಿತು. ಮತ್ತೆ ಗೀರಿದ, ಅಲ್ಲೇ ತಡೆಯಿತು.

"ಬಿರುಕು. ಕೂದಲೆಳೆಯಷ್ಟು. ಕಿಡಿಯೆಲ್ಲ ಇಲ್ಲಿಂದ ಸೋರಿ ಕೆಳಗೆ ಹೋಗ್ತಿದೆ."

"ಹೊಸದು ಎಲ್ಲಿ ಸಿಗುತ್ತೆ ಈಗ?" ಮಗ ಕೇಳಿದ.

ಲೈನ್‌ಮನ್ ಬಿಡಿಭಾಗ ತುಂಬಿಟ್ಟಿದ್ದ ಹಳೇ ಬಿಸ್ಕತ್ತಿನ ಡಬ್ಬದಲ್ಲಿ ಕೈ ಆಡಿಸಿದ. ಒಂದು ದಿನ ಬೇಕಾದೀತೆಂದು ಹನ್ನೆರಡು ವರ್ಷದ ಹಿಂದೆ ತಂದಿಟ್ಟ ರೋಟರು ಕಾಗದ ಸಮೇತ ಅಲ್ಲೇ ಇತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದಾಯಿತು.

ಹೊಸ ರೋಟರು ಹಾಕಿ, ಮುಚ್ಚಳ ಕೂರಿಸಿ, ದಪ್ಪ ವೈರು ಅದರ ಜಾಗಕ್ಕೆ ಸೇರಿಸಿದ. ಹೆಂಡತಿ ಕೇಳದೆಯೇ ಸಣ್ಣ ವೈರನ್ನು ಕಾಯಿಲ್ಲಿಗೆ ಸಿಕ್ಕಿಸಿದಳು. "ತಿರುಗಿಸು," ಎಂದ ಅವನು. ಸೊಸೆ ತಿರುಗಿಸಿದಳು. ಕಾರು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು.

ಗುಜರಿಯ ಲಾರಿ ಗೇಟಿನ ಹತ್ತಿರ ಬಂದು ನಿಂತಾಗ ಶೆಡ್ಡು ಹೊಗೆಯಿಂದ ತುಂಬಿತ್ತು. "ಓಡ್ತಿರೋ ಗಾಡಿ ಕೊಡ್ತೀರಾ?" ಎಂದು ಲಾರಿಯವನು ಬೆರಗಾದ. ಮಗ ಅವನ ಹತ್ತಿರ ಹೋಗಿ ಕೈಮುಗಿದು ಏನೋ ಹೇಳಿದ. ಲಾರಿಯವನು ಬೈದುಕೊಂಡು ಹಿಂದಕ್ಕೆ ಹೋದ. ವಾಪಸು ಬಂದ ಮಗ ಕಾಲಿನಿಂದ ನೆಲ ಕೆರೆಯುತ್ತ ನಿಂತ.

"ಅಪ್ಪ... ಇನ್ನು ನೀನು..."

"ಗೊತ್ತು. ನೀನು ಹೇಳಬೇಡ."

ಎಂಜಿನ್ನು ಒಂದೇ ಸಮ ಓಡುತ್ತಿತ್ತು. ಲೈನ್‌ಮನ್ ಬಾನೆಟ್ಟು ಮುಚ್ಚಿ, ಎರಡೂ ಕೈಯಿಂದ ಒತ್ತಿ, ಸ್ವಲ್ಪ ಹೊತ್ತು ಹಾಗೇ ಕೈ ಇಟ್ಟುಕೊಂಡಿದ್ದ. ಆಮೇಲೆ ಡ್ರೈವರ್ ಬಾಗಿಲಿನ ಹತ್ತಿರ ಬಂದ. ಸೊಸೆ ಗಾಬರಿಯಿಂದ ಇಳಿಯಲು ಹೊರಟಳು.

"ಕೂತ್ಕೋ. ಲೈಸೆನ್ಸ್ ಎಲ್ಲಿದೆ?"

"ಪರ್ಸಲ್ಲೇ ಇದೆ ಮಾವ. ನಾಲ್ಕು ವರ್ಷದಿಂದ ಅಲ್ಲೇ ಇದೆ."

"ಕ್ಲಚ್ ಸ್ವಲ್ಪ ಗಟ್ಟಿ. ಮೊದಲನೇ ಗೇರು ಹಾಕುವಾಗ ಅವಸರ ಮಾಡಬೇಡ, ಅದಕ್ಕೆ ಕೋಪ ಬರುತ್ತೆ." ಹಿಂದಿನ ಬಾಗಿಲು ತೆರೆದು ಹೆಂಡತಿಗೆ, "ಹತ್ತು. ಬೀದಿ ಕೊನೆವರೆಗೆ ಹೋಗಿ ಬರೋಣ," ಎಂದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹತ್ತಿ ಕೂತಳು.

ಅವನು ಕಾರಿನ ಮುಂದಿನಿಂದ ಸುತ್ತಿ, ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಹತ್ತದ ಪಕ್ಕದ ಸೀಟಿನ ಬಾಗಿಲಿಗೆ ಬಂದ. ಹಿಡಿ ಎಳೆದ. ತೆರೆಯಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದ. ಕಾಲು ಊರಿ, ಎರಡೂ ಕೈಯಿಂದ ಎಳೆದ. ಒಳಗೆ ಕೂತಿದ್ದ ಇಬ್ಬರು ಹೆಂಗಸರೂ ಅವನನ್ನೇ ನೋಡುತ್ತಿದ್ದರು.

"ಗಾಜಿನೊಳಗೆ ಕೈ ಹಾಕಿ ತೆಗೀಬೇಕು," ಎಂದಳು ಹೆಂಡತಿ. "ಹೊರಗಿಂದ ಬರಲ್ಲ."

ಅವನು ಕೈ ಒಳಗೆ ತೂರಿಸಿ, ಒಳಗಿನ ಹಿಡಿಗಾಗಿ ತಡಕಾಡಿದ. ಹೆಂಡತಿ ಹಿಂದಿನ ಸೀಟಿನಿಂದ ಮುಂದೆ ಬಾಗಿ, ಅವನ ಬೆರಳು ಹಿಡಿದು, ಅದರ ಮೇಲೆ ಇಟ್ಟಳು.

"ಬಂತಾ?" ಎಂದು ಕೇಳಿದಳು.

"ಬಂತು," ಎಂದ ಲೈನ್‌ಮನ್.